ಕೆನ್ನೆಗೆ ಹಿಡಿದು ನೋಡುವ ಸೆಲ್ಲು

ಮಗಳು ನೀಲಾ ಲಿಂಗಸುಗೂರಿನಿಂದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಾಳೆ. ಬಂದವರು ಇಬ್ಬರೇ. ಆದರೆ ಸಿಂಧನೂರಿನ ನಮ್ಮ ಈ ಸಣ್ಣ ಮನೆಯಲ್ಲಿ ಈಗ ಯಾವ ಮೂಲೆಗೆ ಹೋದರೂ ಯಾರಾದರೊಬ್ಬರು ನಗುತ್ತಿರುತ್ತಾರೆ. ನನಗಂತೂ ಒಲೆಯ ಮುಂದೆ ಕೂತರೂ ಸಂತೋಷ, ಮುಸುರೆ ತಿಕ್ಕಿದರೂ ಸಂತೋಷ. ಈ ವಯಸ್ಸಿನಲ್ಲಿ ಇಷ್ಟು ಹಿಗ್ಗಬಾರದು ಎಂದು ನಮ್ಮನೆಯವರು ಅನ್ನುತ್ತಾರೆ. ಹಿಗ್ಗು ಬಂದಾಗ ಹಿಗ್ಗದೆ, ಅದನ್ನೇನು ಉಪ್ಪು ಹಾಕಿ ಜಾಡಿಯಲ್ಲಿ ಮುಚ್ಚಿಡುವುದಕ್ಕೆ ಬರುತ್ತದೆಯೇ?

ಮಲಗುವ ಮುಂದೆ ನೀಲಾ ಎರಡೂ ಕಿವಿಯಿಂದ ಕೇಳುವ ಮಿಷನ್ನು ತೆಗೆದು ಒಂದು ಪುಟ್ಟ ಡಬ್ಬಿಯಲ್ಲಿ ಇಡುತ್ತಾಳೆ. ಅವರೆಕಾಳಿಗಿಂತ ತುಸು ದೊಡ್ಡವು ಆ ಮಿಷನ್ನುಗಳು. ಡಬ್ಬಿಯೋ, ಕುಂಕುಮದ ಭರಣಿಯಷ್ಟು. ಅದರ ಬಾಲಕ್ಕೊಂದು ವೈರು, ವೈರಿನ ತುದಿ ಗೋಡೆಯ ಪ್ಲಗ್ಗಿಗೆ. ಒಂದು ಹಸಿರು ಚುಕ್ಕೆ ಹತ್ತುತ್ತದೆ, ಅಷ್ಟೇ. ಬೆಳಗಾಗುವುದರೊಳಗೆ ಎರಡೂ ಹೊಟ್ಟೆ ತುಂಬಿಕೊಂಡು ಕೂತಿರುತ್ತವೆ. ಇವತ್ತು ಬೆಳಿಗ್ಗೆ ಕಸ ಹೊಡೆಯುತ್ತ ಕಿಟಕಿಯ ಹತ್ತಿರ ಬಂದವಳು, ಏನನ್ನಿಸಿತೋ, ಒಂದನ್ನು ಎತ್ತಿ ಕೆನ್ನೆಗೆ ಹಿಡಿದು ನೋಡಿದೆ.

ಮೊಮ್ಮಗಳು ಹಾಸಿಗೆಯಿಂದಲೇ ನೋಡಿಬಿಟ್ಟಳು. ಅದಕ್ಕೇನು ಜ್ವರ ಬಂದಿದೆಯೇ ಎಂದು ಕೇಳಿದಳು. ಜ್ವರ ಬಂದರೆ ಒಳ್ಳೆಯದು, ಹೊಟ್ಟೆ ತುಂಬಿತು ಅಂತ ಅರ್ಥ ಎಂದೆ. ಅವಳು ಬಿದ್ದುಬಿದ್ದು ನಕ್ಕಳು. ಆಮೇಲೆ ಎದ್ದು ಕೂತು, ಇದನ್ನೆಲ್ಲ ಬರೆ ಅಜ್ಜಿ, ತಪ್ಪಿದ್ದರೆ ನಾನು ತಿದ್ದುತ್ತೇನೆ ಎಂದಳು. ನಾನು ಕಲಿತದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಒತ್ತಕ್ಷರ ಬಂದ ಕಡೆ ನನ್ನ ಪೆನ್ನು ಹಳ್ಳ ಕಂಡ ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಆದರೂ ಬರೆಯುತ್ತಿದ್ದೇನೆ. ನೀವು ಹೀಗೆ ಗೋಡೆಗೆ ಒರಗಿ ಕೂತುಕೊಳ್ಳಿ, ನಾನು ಸ್ವಲ್ಪ ಸುತ್ತು ಬಳಸಿಯೇ ಹೇಳುವವಳು.

ಆಗ ನಾವಿದ್ದದ್ದು ಮಸ್ಕಿಯಲ್ಲಿ. ಎಂಬತ್ತರ ದಶಕ ಮುಗಿದು ತೊಂಬತ್ತರದು ಕಾಲಿಡುತ್ತಿದ್ದ ಹೊತ್ತು. ಲಿಂಗಸುಗೂರಿಗೆ ಹೋಗುವ ರಸ್ತೆಯ ಮೇಲೆ ನಮ್ಮನೆಯವರದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಸಿಂಧನೂರು ಕಡೆಯ ಕಾಲುವೆ ನೀರಿನಿಂದ ಟ್ರ್ಯಾಕ್ಟರುಗಳು ಹೆಚ್ಚಿದ್ದವು, ಟ್ರ್ಯಾಕ್ಟರು ಹೆಚ್ಚಿದ ಮೇಲೆ ಸತ್ತ ಬ್ಯಾಟರಿಗಳೂ ಹೆಚ್ಚಿದವು. ಹೆಗಲ ಮೇಲೆ ಹೊತ್ತು ತಂದು ಹಲಗೆಯ ಮೇಲೆ ದೊಪ್ಪೆಂದು ಇಡುತ್ತಿದ್ದರು. ನಮ್ಮನೆಯವರು ಮುಚ್ಚಳ ಬಿಚ್ಚಿ, ಗಾಜಿನ ಪಿಚಕಾರಿಯಲ್ಲಿ ಒಳಗಿನ ನೀರು ಎಳೆದು ನೋಡಿ, ವೈದ್ಯರ ಹಾಗೆ ಮುಖ ಗಂಟುಹಾಕಿಕೊಳ್ಳುತ್ತಿದ್ದರು. ಬ್ಯಾಟರಿ ನೀರು ಹಾಕುವ ಕೆಲಸ ನನ್ನದು. ಆ ಆ್ಯಸಿಡ್ಡಿನ ಹುಳಿ ವಾಸನೆ ನಮ್ಮ ಅನ್ನಕ್ಕೂ ಹಾಸಿಗೆಗೂ ಹತ್ತಿತ್ತು. ನಮ್ಮನೆಯವರ ಒಂದು ಲುಂಗಿಯೂ ತೂತಿಲ್ಲದೆ ಇರಲಿಲ್ಲ. ಅವನ್ನು ಒಣಹಾಕಿದರೆ ಅಕ್ಕಪಕ್ಕದ ಹೆಂಗಸರು, ಜರಡಿ ತೊಳೆದು ಹಾಕೀಯೇನವ್ವ ಎಂದು ಕೇಳುತ್ತಿದ್ದರು.

ನೀಲಾ ಹುಟ್ಟಿದಾಗ ಅವಳ ಕಿವಿ ನನ್ನ ನಿಮ್ಮ ಕಿವಿಯ ಹಾಗೇ ಇತ್ತು. ಮೂರು ವರ್ಷದವಳಿದ್ದಾಗ ಒಂದು ದೊಡ್ಡ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಕಿವಿಯನ್ನೂ ಮುಕ್ಕಾಲು ಪಾಲು ಹೊತ್ತುಕೊಂಡು ಹೋಯಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮುಂದೆ ಕೂತು ಬಾಯಿ ದೊಡ್ಡದು ಮಾಡಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಆಮೇಲೆ ಲಿಂಗಸುಗೂರಿನಲ್ಲಿ ಒಂದು ಕ್ಯಾಂಪು ಆದಾಗ ಅಲ್ಲಿ ಕಿವಿ ಮಿಷನ್ನು ಕೊಟ್ಟರು. ಆಗಿನದು ಬೆಂಕಿಪೊಟ್ಟಣಕ್ಕಿಂತ ದೊಡ್ಡ ಪೆಟ್ಟಿಗೆ. ಎದೆಯ ಮೇಲೆ ಕಿಸೆಯಲ್ಲಿ ಇಟ್ಟುಕೊಳ್ಳಬೇಕು, ಅದರಿಂದ ಒಂದು ವೈರು ಕಿವಿಗೆ. ನಾನು ಅವಳ ಎಲ್ಲ ಲಂಗ-ಜಂಪರಿಗೂ ಎದೆಯ ಮೇಲೆ ಕಿಸೆ ಹೊಲಿದೆ. ಪೆಟ್ಟಿಗೆಯೊಳಗೆ ಎರಡು ಪೆನ್ಸಿಲ್ ಸೆಲ್ಲು. ಸೆಲ್ಲಿದ್ದರೆ ಮಗಳಿಗೆ ಕಿವಿ. ಸೆಲ್ಲು ಮುಗಿದರೆ ಇಲ್ಲ.

ನಮ್ಮ ಅತ್ತೆಗೆ ಆ ಪೆಟ್ಟಿಗೆ ಬಹಳ ಸೇರಿತು. ಮೊಮ್ಮಗಳಿಗೆ ಏನಾದರೂ ಹೇಳಬೇಕಾದರೆ ಅವಳ ಮುಖ ನೋಡುತ್ತಿರಲಿಲ್ಲ. ಬಗ್ಗಿ, ಎದೆಯ ಮೇಲಿನ ಪೆಟ್ಟಿಗೆಯ ಹತ್ತಿರ ಬಾಯಿ ತಂದು, ಬಾವಿಯಲ್ಲಿ ಬಿದ್ದವರನ್ನು ಕೂಗುವಂತೆ ಕೂಗುತ್ತಿದ್ದರು. ನೀಲಾ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯುವಳು. ಅತ್ತೆ ಎರಡು ಹೆಜ್ಜೆ ಮುಂದೆ ಹೋಗುವರು. ಹೀಗೆ ಇಬ್ಬರೂ ಅಂಗಳ ದಾಟಿ ಬೀದಿಗೆ ಬಂದದ್ದೂ ಉಂಟು.

ಸೆಲ್ಲಿನ ಪಾಡು ಮಾತ್ರ ಕೇಳಬೇಡಿ. ಅವಳ ಕಿವಿ ಮಂದ, ಆದ್ದರಿಂದ ಪೆಟ್ಟಿಗೆಯ ಸದ್ದು ಏರಿಸುವ ಗಾಲಿಯನ್ನು ಪೂರ್ತಿ ತಿರುಗಿಸಿ ಇಡಬೇಕು. ಪೂರ್ತಿ ತಿರುಗಿಸಿದರೆ ಸೆಲ್ಲು ಬೇಗ ಸಾಯುತ್ತದೆ. ಸತ್ತದ್ದನ್ನು ನಾವು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಸಾಲಾಗಿ ಒಣಗಲು ಇಡುವುದು, ಸಂಜೆ ತಂದು ಹಲ್ಲಿನಿಂದ ಮೆತ್ತಗೆ ಕಚ್ಚುವುದು, ಮತ್ತೆ ಹಾಕುವುದು. ಅವೂ ಪಾಪ, ಬಿಸಿಲು ಕಂಡು ಇನ್ನೊಂದು ಗಳಿಗೆ ಮಿಣಿಮಿಣಿ ಎನ್ನುತ್ತಿದ್ದವು. ಊರಲ್ಲಿ ರೇಡಿಯೋ ಇದ್ದವರೆಲ್ಲ ಹೀಗೇ ಮಾಡುತ್ತಿದ್ದರು. ಆದರೆ ರೇಡಿಯೋ ಅರ್ಧಕ್ಕೆ ನಿಂತರೆ ಹಾಡು ಹೋಗುತ್ತದೆ. ನಮ್ಮದು ನಿಂತರೆ ಪಾಠ ಹೋಗುತ್ತಿತ್ತು.

ಅದಕ್ಕೆ ನಾನೊಂದು ಕಾನೂನು ಮಾಡಿದೆ. ಮಾಸ್ತರು ಬಾಯಿ ತೆರೆದಾಗ ಬಟನ್ ಹಾಕು, ಮುಚ್ಚಿದಾಗ ತೆಗೆ. ದಾರಿಯಲ್ಲಿ ಬೇಡ, ಆಟದಲ್ಲಿ ಬೇಡ, ಊಟದಲ್ಲಿ ಬೇಡ. ನೀಲಾ ತಲೆ ಆಡಿಸಿದಳು. ಅವಳು ತಲೆ ಆಡಿಸುವುದರಲ್ಲಿ ಮೊದಲಿನಿಂದಲೂ ಜಾಣೆ.

ನಾಲ್ಕನೇ ಕ್ಲಾಸಿನ ತನಕ ಹೇಗೋ ನಡೆಯಿತು. ಐದನೆಯದಕ್ಕೆ ದೊಡ್ಡ ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಕುರ್ಚಿ ಕೊಟ್ಟರೆ ಏನೋ ಕಹಿ ಹೇಳುತ್ತಾರೆ ಎಂದು ನನಗೆ ಗೊತ್ತಾಯಿತು. ಅವರು ಕೆಟ್ಟವರಲ್ಲ. ಹುಡುಗಿ ಶ್ಯಾಣ್ಯಾ ಇದ್ದಾಳೆ, ಆದರೆ ಇಲ್ಲಿಂದ ಮುಂದೆ ಬೋರ್ಡು ನೋಡಿ ಬರೆಯುವುದಷ್ಟೇ ಅಲ್ಲ, ಕೇಳಿ ಬರೆಯುವುದೂ ಇರುತ್ತದೆ. ದೂರದ ಊರಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇದೆ, ಅಲ್ಲೇ ಇದ್ದು ಕಲಿಯಬಹುದು, ಅಲ್ಲಿಗೆ ಕಳಿಸಿ ಎಂದರು. ಆ ಶಾಲೆ ಒಳ್ಳೆಯದೇ ಇರಬಹುದು. ಆದರೆ ಎಂಟು ಹತ್ತು ತಾಸಿನ ದಾರಿ. ಹುಡುಗಿಯನ್ನು ಬಿಟ್ಟು ಬಂದರೆ ದಸರೆಗೊಮ್ಮೆ ಬೇಸಿಗೆಗೊಮ್ಮೆ ಮುಖ ನೋಡಬೇಕು.

“ಅಕಿಗಿ ಕೇಳಸ್ತೈತ್ರಿ ಸರ” ಎಂದೆ.

“ಯಾವಾಗ?” ಎಂದರು.

“ಸೆಲ್ ಇದ್ದಾಗ.”

“ಸೆಲ್ ಇಲ್ಲದಾಗ?”

ಉತ್ತರ ಇಲ್ಲದಾಗ ನಾನು ಎದ್ದು ಹೋಗುವವಳಲ್ಲ, ಕೂತೇ ಇರುವವಳು. ಅವರು ಫ್ಯಾನು ನೋಡಿದರು, ಫೈಲು ನೋಡಿದರು, ಗಂಟೆ ಹೊಡೆಸಿದರು. ನಾನು ಕೂತೇ ಇದ್ದೆ. ಕೊನೆಗೆ ಅವರೇ ಒಂದು ಮಾತಿಗೆ ಬಂದರು. ದಸರೆ ರಜೆಯ ತನಕ ಕ್ಲಾಸಿನಲ್ಲಿ ಕೂರಲಿ. ರಜೆ ಮುಗಿದ ಮೇಲೆ ಎಲ್ಲ ಮಕ್ಕಳ ಜೊತೆ ಉಕ್ತಲೇಖನ ಬರೆಸುತ್ತೇನೆ, ನಾನು ಹೇಳಿದ್ದನ್ನು ಕೇಳಿ ಬರೆದರೆ ಇಲ್ಲೇ ಇರಲಿ. ಬರೆಯದಿದ್ದರೆ ನಾನು ಹೇಳಿದ ಕಡೆ ಕಳಿಸಬೇಕು. ಆಗಲಿ ಎಂದು ಎದ್ದೆ. ಅವತ್ತೇ ದಾರಿಯಲ್ಲಿ ನಿರ್ಧಾರ ಮಾಡಿದೆ: ಇನ್ನು ಮೇಲೆ ಈ ಹುಡುಗಿಯ ಪೆಟ್ಟಿಗೆ ಪಾಠದ ನಡುವೆ ಒಂದು ದಿನವೂ ಸಾಯಬಾರದು.

ನಮ್ಮನೆಯವರ ಗಿರಾಕಿ ಒಬ್ಬ ಲಾರಿ ಡ್ರೈವರ್ ಹೈದರಾಬಾದಿಗೆ ಹೋಗಿ ಬರುತ್ತಿದ್ದ. ಅಲ್ಲಿ ಮತ್ತೆ ಮತ್ತೆ ತುಂಬಿಸುವ ಪೆನ್ಸಿಲ್ ಸೆಲ್ಲು ಸಿಗುತ್ತದೆ ಎಂದು ಅವನೇ ಹೇಳಿದ. ಎರಡು ಜೋಡಿ ಸೆಲ್ಲು, ಒಂದು ಪುಟ್ಟ ಚಾರ್ಜರು ತಂದುಕೊಟ್ಟ. ನಮ್ಮನೆಯವರು ಅವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ ನೋಟ ನನಗೆ ಇನ್ನೂ ಕಣ್ಣಲ್ಲಿದೆ. ಎಮ್ಮೆ ಸಾಕಿದವನ ಕೈಗೆ ಯಾರೋ ಗುಬ್ಬಿಮರಿ ಕೊಟ್ಟ ಹಾಗೆ. ಟ್ರ್ಯಾಕ್ಟರಿನ ಬ್ಯಾಟರಿ ಎಬ್ಬಿಸುವ ಮನುಷ್ಯ, ಬೆರಳಿನಷ್ಟರ ಸೆಲ್ಲಿನ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದರು.

ಮೊದಲ ಸಲ ತುಂಬಿಸಿ, ನಾಳೆ ಶಾಲೆಗೆ ಎಂದು ಗೂಡಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಸೆಲ್ಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಮಾಳಿಗೆ ಹತ್ತಿದರೆ, ಹರವಿದ ಜೋಳದ ಪಕ್ಕದಲ್ಲಿ ನಾಲ್ಕೂ ಸೆಲ್ಲು ಬಿಸಿಲು ಕಾಯುತ್ತ ಮಲಗಿದ್ದವು. ಅತ್ತೆ ಪಕ್ಕದಲ್ಲಿ ಕಾಗೆ ಕಾಯುತ್ತ ಕೂತಿದ್ದರು. ಇವು ಬಿಸಿಲಿಗೆ ಇಡುವಂಥವಲ್ಲ, ಕಾದರೆ ಒಳಗೆ ತುಂಬಿದ್ದೆಲ್ಲ ಸೋರಿಹೋಗುತ್ತದೆ ಎಂದು ನಮ್ಮನೆಯವರು ಕೆಳಗಿನಿಂದ ಕೂಗಾಡಿದರು. ಅತ್ತೆ ಜಗ್ಗಲಿಲ್ಲ.

“ಬಿಸಿಲ ಬ್ಯಾಡನ್ನೂ ವಸ್ತು ನಾ ಈ ಊರಾಗ ನೋಡಿಲ್ಲಪ್ಪ. ಹೊಸಾವು ಅಂತ ಸೊಕ್ಕು ಬಂದೈತಿ ಅವಕ್ಕ. ಎರಡು ದಿನ ಕಾಯ್ಲಿ, ದಾರಿಗಿ ಬರ್ತಾವ.”

ಆ ದಿನ ನೀಲಾ ಹಳೆಯ ಸೆಲ್ಲು ಹಾಕಿಕೊಂಡು ಹೋದಳು. ಅತ್ತೆಗೆ ಸಮಾಧಾನ ಆಗಲೆಂದು ಆಮೇಲೆ ನಾನು ಸತ್ತ ಹಳೆಯ ಸೆಲ್ಲುಗಳನ್ನು ಒಂದು ಪುಟ್ಟಿಯಲ್ಲಿ ಹಾಕಿ ಅವರ ವಶಕ್ಕೆ ಕೊಟ್ಟೆ. ಅವನ್ನು ಅವರು ಬಹಳ ವರ್ಷ ನಿಷ್ಠೆಯಿಂದ ಒಣಗಿಸಿದರು.

ಹೊಸ ಸೆಲ್ಲು ಒಂದು ಸಲ ತುಂಬಿದರೆ ಶಾಲೆಯ ಮೂರು ನಾಲ್ಕು ದಿನ ನಡೆಯಬೇಕು ಎಂದು ನಮ್ಮನೆಯವರ ಅಂದಾಜು. ನೀಲಾಳದು ಮರುದಿನವೇ ಮುಗಿಯುತ್ತಿತ್ತು. ಸೆಲ್ಲು ಖೋಟಾ ಎಂದರು ನಮ್ಮನೆಯವರು. ಡ್ರೈವರ್ ಖೋಟಾ ಎಂದರು ಅತ್ತೆ. ಪೆಟ್ಟಿಗೆಯಲ್ಲೇ ಏನೋ ಇದೆ ಎಂದು ನಾನು. ಒಂದು ದಿನ ಮಧ್ಯಾಹ್ನದ ಬಿಡುವಿಗೆ ರೊಟ್ಟಿ ಕೊಡುವ ನೆಪದಲ್ಲಿ ಶಾಲೆಗೆ ಹೋದೆ. ಬಯಲಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡುತ್ತ ಜಗಳ ಮಾಡುತ್ತಿದ್ದರು. ನೀಲಾ ಬೇವಿನ ಮರದ ಕೆಳಗೆ ಕೂತಿದ್ದಳು. ಆಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದಳು. ಕೈ ಪೆಟ್ಟಿಗೆಯ ಮೇಲೆ, ಬಟನ್ ಹಾಕಿತ್ತು, ಗಾಲಿ ಪೂರ್ತಿ ತಿರುಗಿತ್ತು.

ನಾನು ಹೋಗಿ ಮುಂದೆ ನಿಂತೆ. ಬಿಸಿಲು ಮರೆಯಾದದ್ದಕ್ಕೆ ಕಣ್ಣು ತೆರೆದಳು. ಹೆದರಲಿಲ್ಲ. ನಾನು ಪೆಟ್ಟಿಗೆ ತೋರಿಸಿ ಯಾಕೆ ಎಂದು ಕೈ ಮಾಡಿದೆ. ದಾರಿಯಲ್ಲೂ ಹೀಗೇ ಹಾಕಿರುತ್ತೀಯಾ ಎಂದೆ. ಹೂಂ ಎಂದಳು. ಹಿಟ್ಟಿನ ಗಿರಣಿಯ ಮುಂದೆ? ಅಲ್ಲೂ ನಿಲ್ಲುತ್ತೇನೆ ಎಂದಳು. ಆಮೇಲೆ ನನ್ನ ತುಟಿ ನೋಡುವುದು ಬಿಟ್ಟು ಆಡುವ ಹುಡುಗಿಯರ ಕಡೆ ನೋಡುತ್ತ ಹೇಳಿದಳು:

“ಕ್ಲಾಸಿನ್ಯಾಗ ಮಾಸ್ತರ ಒಬ್ರ ಮಾತಾಡ್ತಾರ ಬೇ. ಹೊರಗ ಎಲ್ಲಾರೂ ಮಾತಾಡ್ತಾರ.”

ಬೈಯಬೇಕೆಂದಿದ್ದವಳು ರೊಟ್ಟಿ ಕೊಟ್ಟೆ. ಅಲ್ಲೇ ಪಕ್ಕದಲ್ಲಿ ಕೂತು, ಕುಂಟಾಬಿಲ್ಲೆಯ ಜಗಳದಲ್ಲಿ ಯಾರು ಯಾರಿಗೆ ಏನೆಂದರು ಎಂದು ನಾನೂ ಕೇಳಿದೆ. ಬಹಳ ಸೊಗಸಾದ ಜಗಳ ಅದು. ಮನೆಗೆ ಬರುವ ದಾರಿಯಲ್ಲಿ ನನ್ನ ಕಾನೂನನ್ನು ನಾನೇ ರದ್ದು ಮಾಡಿದೆ. ಸೆಲ್ಲಿನ ಅಳತೆಗೆ ಹುಡುಗಿ ಕಿವಿ ಕತ್ತರಿಸಿಕೊಳ್ಳುವುದು ಬೇಡ. ಹುಡುಗಿಯ ಅಳತೆಗೆ ಸೆಲ್ಲು ಹಿಗ್ಗಬೇಕು. ಹಿಗ್ಗಿಸುವವರು ನಾವು. ಊರಿನ ಟ್ರ್ಯಾಕ್ಟರುಗಳನ್ನೆಲ್ಲ ಎಬ್ಬಿಸುವ ಮನೆಯಲ್ಲಿ ಒಂದು ಹುಡುಗಿಯ ಕಿವಿಗೆ ಆಗುವಷ್ಟು ಕರೆಂಟು ಇಲ್ಲವೆಂದರೆ ಏನರ್ಥ?

ಕರೆಂಟು ನಿಜವಾಗಿಯೂ ಇರಲಿಲ್ಲ ಅನ್ನಿ. ಮಸ್ಕಿಯ ಆಗಿನ ಕರೆಂಟಿನ ಗುಣ ಹೇಗೆಂದರೆ, ಹೋದರೆ ದಿನಗಟ್ಟಲೆ ಪತ್ತೆ ಇಲ್ಲ, ಬಂದರೆ ಮೈಮೇಲೆ ದೇವರು ಬಂದ ಹಾಗೆ ಬರುವುದು. ಹಾಗೆ ಬಂದ ಒಂದು ಸಂಜೆ ಹೈದರಾಬಾದಿನ ಚಾರ್ಜರು ಸಣ್ಣಗೆ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ದಸರೆ ಹತ್ತಿರ ಬಂದಿತ್ತು.

ನಾನು ನಮ್ಮನೆಯವರ ಬೆನ್ನು ಹತ್ತಿದೆ. ದೊಡ್ಡ ಬ್ಯಾಟರಿಯಿಂದಲೇ ಈ ಸಣ್ಣವನ್ನು ತುಂಬಿಸಿ ಎಂದೆ. ಆನೆಯ ಬಾಯಿಯಿಂದ ಇರುವೆಗೆ ಊಟ ಮಾಡಿಸಿದ ಹಾಗೆ ಆಗುತ್ತದೆ, ಸುಟ್ಟುಹೋಗುತ್ತವೆ ಎಂದರು. ಮೋಟಾರ್ ಸೈಕಲ್ಲಿನ ಬ್ಯಾಟರಿಗೆ ಧಾರೆ ಸಣ್ಣದಾಗಲಿ ಎಂದು ನಡುವೆ ಒಂದು ಬಲ್ಬು ಕಟ್ಟುತ್ತೀರಲ್ಲ, ಇದಕ್ಕೂ ಕಟ್ಟಿ ಎಂದೆ. ಅವರು ಬೇಸರದಿಂದಲೇ ಹೆಡ್‌ಲೈಟಿನ ಬಲ್ಬು ಕಟ್ಟಿದರು. ಸೆಲ್ಲು ಸ್ವಲ್ಪ ಹೊತ್ತಿನಲ್ಲೇ ಬಾಣಲೆಯಲ್ಲಿ ಹಾಕಿದ ಬದನೆಯ ಹಾಗೆ ಚುಸ್ ಎಂದಿತು. ಒಂದು ಹೋಯಿತು. ನೋಡಿದಿಯಾ ಎಂದರು. ನೋಡಿದೆ, ಇನ್ನೂ ಸಣ್ಣ ಬಲ್ಬು ಹಾಕಿ ಎಂದೆ. ಹುಡುಕಿ ಹುಡುಕಿ ಕೊನೆಗೆ ಟ್ರ್ಯಾಕ್ಟರಿನ ಮೀಟರಿನೊಳಗೆ ಇರುತ್ತದಲ್ಲ, ಗುಲಗಂಜಿಯಷ್ಟರ ಬಲ್ಬು, ಅದನ್ನು ಕಟ್ಟಿದರು. ಬಲ್ಬು ಹತ್ತಿತು. ಸೆಲ್ಲು ಸುಮ್ಮನೆ ಕೂತು ಕುಡಿಯತೊಡಗಿತು. ಹೋದ ಸೆಲ್ಲಿನ ಬದಲು ಇನ್ನೊಂದನ್ನು ಡ್ರೈವರ್ ಮುಂದಿನ ಸಲ ಬಂದಾಗ ತಂದ.

ಈಗ ತೊಡಕು ಒಂದೇ: ಹೊಟ್ಟೆ ತುಂಬಿತು ಎಂದು ಹೇಗೆ ತಿಳಿಯುವುದು? ದೊಡ್ಡ ಬ್ಯಾಟರಿಗಾದರೆ ಪಿಚಕಾರಿ ಇದೆ. ಇದಕ್ಕೆ ಬಾಯಿಯೇ ಇಲ್ಲ. ಕಡಿಮೆ ಕೊಟ್ಟರೆ ಪಾಠದ ನಡುವೆ ಸಾಯುತ್ತದೆ, ಹೆಚ್ಚು ಕೊಟ್ಟರೆ ಒಳಗೇ ಬೇಯುತ್ತದೆ. ನಾನು ಒಂದು ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತೆ. ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ ಆಗಾಗ ಮುಟ್ಟುತ್ತಿದ್ದೆ. ಅಡುಗೆ, ಆ್ಯಸಿಡ್ಡು, ಬೀಸುವ ಕಲ್ಲು ಎಲ್ಲ ಸೇರಿ ನನ್ನ ಬೆರಳಿಗೆ ಬಿಸಿ-ತಂಪು ತಿಳಿಯುವುದು ಎಂದೋ ಹೋಗಿತ್ತು. ಅದಕ್ಕೆ ಕೆನ್ನೆಗೆ ಹಿಡಿದೆ. ಕುಡಿಯುವಷ್ಟು ಹೊತ್ತು ಸೆಲ್ಲು ತಂಪಾಗಿರುತ್ತದೆ. ತುಂಬಿತು ಎಂದರೆ ಬೆಚ್ಚಗಾಗುತ್ತದೆ. ಎದೆಹಾಲು ಕುಡಿದು ಮಲಗಿದ ಕೂಸಿನ ಕಿವಿಯಷ್ಟು ಬೆಚ್ಚಗೆ. ಅಷ್ಟಕ್ಕೆ ತೆಗೆದುಬಿಡಬೇಕು. ಬೆಳಗಿನ ಕೆಲಸ ಮುಗಿಸಿ ಹಚ್ಚಿದರೆ ಮುದಗಲ್ಲಿನ ಮಧ್ಯಾಹ್ನದ ಬಸ್ಸು ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಸುಮಾರು ಕೆನ್ನೆಗೆ ಹತ್ತುತ್ತಿತ್ತು. ಒಂದು ಜೋಡಿ ಪೆಟ್ಟಿಗೆಯಲ್ಲಿ, ಒಂದು ಜೋಡಿ ಅಂಗಡಿಯಲ್ಲಿ. ಬಸ್ಸು ಬಂದ ಕೂಡಲೇ ನಾನು ಸೆರಗಿನಲ್ಲಿ ಸೆಲ್ಲು ಕಟ್ಟಿಕೊಂಡು ಶಾಲೆಗೆ. ಬೇವಿನ ಮರದ ಕೆಳಗೆ ಬದಲಾಯಿಸಿ, ಖಾಲಿಯಾದವನ್ನು ಕಟ್ಟಿಕೊಂಡು ವಾಪಸ್ಸು. ಗ್ಯಾಸಿನ ಸಿಲಿಂಡರು ಬದಲಿಸುವವರ ಹಾಗೆ.

ದಸರೆ ಆಯಿತು, ಬನ್ನಿ ಕೊಟ್ಟೆವು, ಶಾಲೆ ತೆರೆಯಿತು. ಉಕ್ತಲೇಖನ ಶುಕ್ರವಾರ ಎಂದಿದ್ದರು. ಗುರುವಾರ ಬೆಳಿಗ್ಗೆ ಶಾಲೆಗೆ ಹೋದ ನೀಲಾ ಓಡುತ್ತ ವಾಪಸ್ಸು ಬಂದಳು. ನಾಳೆ ಯಾರೋ ಸಾಹೇಬರು ಶಾಲೆ ನೋಡಲು ಬರುತ್ತಾರೆ, ಅದಕ್ಕೆ ಇವತ್ತೇ ಮಧ್ಯಾಹ್ನದ ಬಿಡುವಾದ ಮೇಲೆ ಬರೆಸುತ್ತಾರಂತೆ ಎಂದಳು. ಪೆಟ್ಟಿಗೆಯಲ್ಲಿದ್ದ ಜೋಡಿ ಮುಗಿಯುತ್ತ ಬಂದಿತ್ತು. ಇನ್ನೊಂದು ಜೋಡಿ ಖಾಲಿ. ನಮ್ಮ ಸ್ವಂತ ಬ್ಯಾಟರಿ ಮದುವೆಯ ಮೈಕಿಗೆಂದು ಬಾಡಿಗೆ ಹೋಗಿತ್ತು. ಕರೆಂಟು ಎಂದಿನಂತೆ ಇಲ್ಲ. ನಮ್ಮನೆಯವರು ಸಾಮಾನು ತರಲು ಸಿಂಧನೂರಿಗೆ ಹೋಗಿದ್ದರು. ಅಂಗಡಿಯಲ್ಲಿ ರಾತ್ರಿ ಕರೆಂಟು ಬಂದಾಗ ತುಂಬಿದ ಬ್ಯಾಟರಿ ಇದ್ದದ್ದು ಒಂದೇ, ಗೊರೇಬಾಳದ ಗೌಡರದು. ಲಿಂಗಸುಗೂರಿಗೆ ಭತ್ತದ ಲೋಡು ಒಯ್ಯುತ್ತಿದ್ದ ಅವರ ಟ್ರ್ಯಾಕ್ಟರು ಹಿಂದಿನ ದಿನ ನಮ್ಮ ಅಂಗಡಿಯ ಎದುರೇ ಮಲಗಿಬಿಟ್ಟಿತ್ತು.

ನೀನು ಶಾಲೆಗೆ ಹೋಗು, ಪೆಟ್ಟಿಗೆ ಬಂದ್ ಮಾಡಿಕೊಂಡು ಕೂತಿರು, ಬಿಡುವಿಗೆ ನಾನು ಬರುತ್ತೇನೆ ಎಂದು ನೀಲಾಳನ್ನು ಕಳಿಸಿದೆ. ಗೌಡರ ಬ್ಯಾಟರಿಗೆ ವೈರು ಸಿಕ್ಕಿಸಿ, ಬಲ್ಬು ಕಟ್ಟಿ, ಸ್ಟೂಲು ಹಾಕಿಕೊಂಡು ಕೂತೆ.

ಬಿಸಿಲು ಏರುವ ಹೊತ್ತಿಗೆ ಗೌಡರು ಬಂದರು. ದೊಡ್ಡ ಮೀಸೆ, ಹೆಗಲ ಮೇಲೆ ಟವೆಲ್ಲು. ಬ್ಯಾಟರಿ ಎತ್ತಲು ಬಗ್ಗಿದವರು ಹಾಗೇ ನಿಂತರು.

“ಇದೇನವ್ವಾ, ನನ್ನ ಬ್ಯಾಟ್ರಿಗಿ ಏನ್ ಕಟ್ಟೀದಿ?”

“ಮಗಳ ಕಿವಿ ಕಟ್ಟೀನ್ರಿ.”

ಅವರಿಗೆ ಅರ್ಥವಾಗಲಿಲ್ಲ. ನಾನು ಪೆಟ್ಟಿಗೆಯ ಕಥೆ, ಹೆಡ್‌ಮಾಸ್ತರರ ಕಥೆ, ಸಾಹೇಬರ ಕಥೆ ಎಲ್ಲ ಹೇಳಿದೆ. ಗೌಡರು ಕೇಳಿ ಮುಗಿಸಿ, ಸುತ್ತು ಬಳಸದೆ ತಮಗೆ ಸಂಬಂಧಪಟ್ಟದ್ದನ್ನು ಕೇಳಿದರು.

“ಅಂದ್ರ ನಾ ತುಂಬಸಾಕ ಬಿಟ್ಟು ಹೋಗಿದ್ದು ನೀ ಹೀರಾಕತ್ತೀದಿ.”

“ಹೌದ್ರಿ. ನಿಮ್ಮೂರ ಕಾಲುವಿಯಾಗಿಂದ ಒಂದು ಚರಿಗಿ ನೀರು ತಗೊಂಡಷ್ಟು. ನಿಮ್ಮ ಟ್ರ್ಯಾಕ್ಟರಿಗಿ ಗೊತ್ತೂ ಆಗಾಂಗಿಲ್ಲ.”

“ನನ್ನ ಲೋಡ್ ನಿನ್ನೀಲಿಂದ ನಿಂತೈತಿ ಯವ್ವಾ. ಬಿಚ್ಚು ಜಲ್ದಿ.”

ಬಿಚ್ಚುವುದಿಲ್ಲ ಎಂದೆ. ಗಂಡ ಊರಲ್ಲಿಲ್ಲ, ಎದುರಿಗೆ ಗಿರಾಕಿ, ಅವರದೇ ಬ್ಯಾಟರಿ. ಆದರೂ ಸ್ಟೂಲು ಬಿಟ್ಟು ಏಳಲಿಲ್ಲ.

“ನೀವ ಬಿಚ್ಚಿಕೊಂಡು ಹೋಗ್ರಿ ಗೌಡ್ರ. ಬಿಚ್ಚೂಕಿಂತ ಮೊದ್ಲ ಒಂದ ಸಲ ಆ ಸೆಲ್ ಕೆನ್ನಿಗಿ ಹಿಡದು ನೋಡ್ರಿ. ಬೆಚ್ಚಗಿದ್ರ ಒಯ್ಯಿರಿ. ತಂಪಿದ್ರ ನನ್ನ ಮಗಳು ಇನ್ನೂ ಅರ್ಧ ಹೊಟ್ಟಿಲೆ ಅದಾಳ ಅಂತ ತಿಳಕೊಂಡು ಒಯ್ಯಿರಿ.”

ಗೌಡರು ನನ್ನನ್ನು ನೋಡಿದರು, ಸೆಲ್ಲು ನೋಡಿದರು. ವೈರಿನ ಸಮೇತ ಅದನ್ನು ಎತ್ತಿ, ಬಗ್ಗಿ, ಮೀಸೆಯ ಮೇಲೆ ಕೆನ್ನೆಗೆ ಹಿಡಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

“ತಂಪೈತಿ” ಎಂದರು. ಸೆಲ್ಲು ಇಟ್ಟು ಹಲಗೆಯ ಮೇಲೆ ಕೂತರು.

ಅತ್ತೆ ಒಳಗಿನಿಂದ ಚಹಾ ತಂದುಕೊಟ್ಟು, ಬಿಸಿಲಿಗೆ ಇಟ್ಟಿದ್ದರೆ ಈ ಪಾಡು ಬರುತ್ತಿರಲಿಲ್ಲ ಎಂದು ಗೌಡರಿಗೆ ತಿಳಿಸಿ ಹೇಳಿದರು. ಗೌಡರು ಹೌದೆಂದರು. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಮತ್ತೆ ಕೆನ್ನೆಗೆ ಹಿಡಿದರು. ಇನ್ನೂ ಇಲ್ಲ ಎಂದು ತಲೆ ಆಡಿಸಿ ಕೂತರು. ಆಮೇಲೆ ನನಗೆ ಮುಟ್ಟುವ ಸರದಿಯೇ ಬರಲಿಲ್ಲ. ಪೂರ್ತಿ ಜಿಮ್ಮೇದಾರಿ ಅವರೇ ತೆಗೆದುಕೊಂಡರು. ಮುದಗಲ್ಲಿನ ಬಸ್ಸು ಅವತ್ತು ತಡ. ಬಸ್ಸಿಗಿಂತ ಮೊದಲೇ ಗೌಡರು ಕೂಗಿದರು.

“ಯವ್ವಾ, ಬೆಚ್ಚಗಾತು ನೋಡ. ಟ್ರ್ಯಾಕ್ಟರ್ ಹತ್ತು, ಹೊತ್ತಾತು.”

ಬ್ಯಾಟರಿ ಕೂರಿಸಿ ಅವರು ಕೀಲಿ ತಿರುಗಿಸಿದರೆ, ಟ್ರ್ಯಾಕ್ಟರು ಒಂದೇ ಏಟಿಗೆ ಎದ್ದಿತು. ನಾನು ಗಾಲಿಯ ಮೇಲಿನ ತಗಡಿನ ರೆಕ್ಕೆಯ ಮೇಲೆ ಸೆರಗು ಬಿಗಿಹಿಡಿದು ಕೂತೆ, ಹಿಂದೆ ಭತ್ತದ ಚೀಲಗಳ ಟ್ರಾಲಿ. ಮಸ್ಕಿಯ ಜನ ಅಂಥ ಮೆರವಣಿಗೆ ನೋಡಿರಲಿಕ್ಕಿಲ್ಲ. ಶಾಲೆಯ ಗೇಟಿನ ಮುಂದೆ ಇಳಿದು ಓಡಿದೆ. ನೀಲಾ ಬೇವಿನ ಮರದ ಕೆಳಗೆ ನಿಂತಿದ್ದಳು. ಅವಳ ಕಿಸೆಯಿಂದ ಪೆಟ್ಟಿಗೆ ತೆಗೆದು ಸೆಲ್ಲು ಹಾಕಿದೆ, ಮುಚ್ಚಳ ಮುಚ್ಚಿ ಬಟನ್ ಹಾಕಿದೆ. ಅವಳ ಮುಖ ಬದಲಾದದ್ದು ಕಂಡಿತು. ಕತ್ತಲಲ್ಲಿ ಕೂತವರ ಮನೆಗೆ ಕರೆಂಟು ಬಂದಾಗ ಆಗುತ್ತದಲ್ಲ, ಹಾಗೆ.

ನಾನು ಕ್ಲಾಸಿನ ಹೊರಗೆ ಕಿಟಕಿಯ ಪಕ್ಕ ನಿಂತೆ. ಹೆಡ್‌ಮಾಸ್ತರರು ಪುಸ್ತಕ ಹಿಡಿದು ಓದತೊಡಗಿದರು. ಮೊದಲು ಮಕ್ಕಳ ಎದುರು ನಿಂತು ಓದಿದರು. ಆಮೇಲೆ ಸಾಲುಗಳ ನಡುವೆ ನಡೆದರು. ಆಮೇಲೆ ನೀಲಾಳ ಹಿಂದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತು ಓದಿದರು. ತುಟಿ ಕಾಣದ ಹಾಗೆ. ನಾನು ಅವಳ ಪೆನ್ಸಿಲ್ಲಿನ ತುದಿಯನ್ನೇ ನೋಡುತ್ತಿದ್ದೆ. ಅವರು ನಿಲ್ಲಿಸಿದಾಗ ಅದು ಓಡುತ್ತಿತ್ತು, ಓದುವಾಗ ನಿಂತು ಕಾಯುತ್ತಿತ್ತು. ಎಲ್ಲ ಮಕ್ಕಳ ಪೆನ್ಸಿಲ್ಲಿನ ಹಾಗೇ.

ಪಾಟಿ-ಪುಸ್ತಕ ಎಲ್ಲ ನೋಡಿದ ಮೇಲೆ ಅವರು ಹೊರಗೆ ಬಂದರು. ಈ ಸಲ ಕುರ್ಚಿ ಕೊಡಲಿಲ್ಲ. ಅದು ಒಳ್ಳೆಯದೆಂದು ನನಗೆ ಆಗಲೇ ಅನ್ನಿಸಿತು.

“ತಪ್ಪು ಬರದಾಳ” ಎಂದರು. ನಾನು ಕುರ್ಚಿ ಎಲ್ಲಿದೆ ಎಂದು ನೋಡಿದೆ. “ಆದ್ರ ಕಿವಿ ಇದ್ದವ್ರು ಬರಿಯೂವಂಥಾ ತಪ್ಪ ಅದಾವು. ಬಾಜೂ ಹುಡುಗಂದು ಇಕಿಗಿಂತ ಹೆಚ್ಚ ಅದಾವು. ಇಲ್ಲೇ ಇರ್ಲಿ.”

ನಾನು ಅವರಿಗೆ ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ಗೇಟಿನ ಹತ್ತಿರ ಟ್ರ್ಯಾಕ್ಟರು ಇನ್ನೂ ಗುಡುಗುತ್ತ ನಿಂತಿತ್ತು. ನಾನು ಹೊರಗಿನಿಂದ ಕೈ ಎತ್ತಿ ತೋರಿಸಿದ ಮೇಲೆ ಗೌಡರು ಗೇರು ಹಾಕಿ ಲಿಂಗಸುಗೂರಿನ ಕಡೆ ಹೋದರು. ನೀಲಾ ಅದೇ ಶಾಲೆಯಲ್ಲಿ ಏಳನೆಯದು ಮುಗಿಸಿದಳು, ಮುಂದೆ ಹೈಸ್ಕೂಲು, ಆಮೇಲೆ ಕಾಲೇಜು. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಕುರ್ಚಿ ಕೊಟ್ಟರು, ನಾನು ಕೂತೆ. ಈಗ ಅವಳು ಲಿಂಗಸುಗೂರಿನಲ್ಲಿ ಅಂಗನವಾಡಿ ಟೀಚರು. ದಿನವಿಡೀ ಇಪ್ಪತ್ತು ಮೂವತ್ತು ಮಕ್ಕಳು ಒಟ್ಟಿಗೇ ಕಿರುಚುವ ಕೋಣೆಯಲ್ಲಿ ಕೂರುತ್ತಾಳೆ. ತಲೆನೋವು ಬರುವುದಿಲ್ಲವೇ ಎಂದರೆ, ಬರುತ್ತದೆ, ಬರಲಿ ಎನ್ನುತ್ತಾಳೆ.

ಇಷ್ಟು ಬರೆಯುವಷ್ಟರಲ್ಲಿ ಅವಳು ಎದ್ದು, ಮುಖ ತೊಳೆದು, ಮಿಷನ್ನು ಕಿವಿಗೆ ಹಾಕಿಕೊಂಡು ಅಡುಗೆ ಮನೆಗೆ ಹೋದಳು. ರೂಢಿ ಎಲ್ಲಿ ಹೋಗಬೇಕು? ರೊಟ್ಟಿ ಮಾಡುವುದಕ್ಕೆ ಅವು ಯಾಕೆ, ತೆಗೆದಿಡು, ಉಳಿಯಲಿ ಎಂದು ಕೂಗಿದೆ.

“ಯಾಕ ಉಳಸ್ಲಿ ಬೇ? ದಿನಾ ಪೂರ್ತಿ ಬರ್ತಾವ ಇವು” ಎಂದಳು. ಹಿಟ್ಟು ಕಲಸುತ್ತಲೇ ಇನ್ನೊಂದು ಮಾತು ಸೇರಿಸಿದಳು. “ನೀ ಮಾತಾಡು.”

ನನ್ನ ಪೆನ್ನು ಅಲ್ಲೇ ನಿಂತಿತು, ಈ ಸಲ ಒತ್ತಕ್ಷರ ಇಲ್ಲದೆಯೂ. ಆಗಿನ ವರ್ಷಗಳಲ್ಲಿ ಒಂದೊಂದು ಮಾತಿಗೂ ಸೆಲ್ಲು ಖರ್ಚಾಗುತ್ತದೆ ಎಂದು ನಾನು ಅವಳ ಹತ್ತಿರ ಬೇಕಾದ ಮಾತಷ್ಟೇ ಆಡುತ್ತಿದ್ದೆ. ಬಾ, ಉಣ್ಣು, ಓದು, ಮಲಗು. ಬೇರೆಯವರ ಮಾತು ಎಷ್ಟು ಬೇಕಾದರೂ ಕೇಳಲಿ ಎಂದು ಬಿಟ್ಟಿದ್ದೆ, ನನ್ನದನ್ನು ಮಾತ್ರ ಉಳಿಸುತ್ತ ಬಂದಿದ್ದೆ. ಬೇಡದ ಮಾತು, ಸುಮ್ಮನೆ ಆಡುವ ಮಾತು, ತಾಯಿ-ಮಗಳು ಆಡುವಂಥ ಮಾತು ಎಷ್ಟೋ ಉಳಿದುಬಿಟ್ಟಿವೆ.

ಪುಸ್ತಕ ಮಡಚಿ ಅಡುಗೆ ಮನೆಯ ಹೊಸ್ತಿಲಲ್ಲಿ ಹೋಗಿ ಕೂತೆ. ಶುರು ಮಾಡಿದೆ. ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಬ್ಯಾಂಕಿನೊಳಗೆ ನುಗ್ಗಿದ್ದು, ಅವಳಪ್ಪ ನನ್ನನ್ನು ನೋಡಲು ಬಂದಾಗ ಧೋತರದ ತೂತು ಮುಚ್ಚಲು ತಾಟು ಕೆಳಗಿಡದೆ ತೊಡೆಯ ಮೇಲೆಯೇ ಇಟ್ಟುಕೊಂಡು ಫಲಾರ ತಿಂದದ್ದು, ಒಂದಾದ ಮೇಲೊಂದು, ತಲೆಬುಡ ಇಲ್ಲದೆ. ನೀಲಾ ನನ್ನ ಕಡೆ ತಿರುಗಲಿಲ್ಲ. ಒಲೆಯ ಕಡೆ ಮುಖ, ನನಗೆ ಬೆನ್ನು, ರೊಟ್ಟಿ ಬಡಿಯುತ್ತಲೇ ಇದ್ದಳು. ನಗಬೇಕಾದ ಕಡೆಯೆಲ್ಲ ನಕ್ಕಳು.